ಒಂದೇ ಬಸ್ಸು, ಬೇರೆ ಬೇರೆ ಫಲಕ

ಕೇಳುಗರಿಗೆ ನಮಸ್ಕಾರ.

ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತವರಿಗೂ ಈ ದೃಶ್ಯ ಪರಿಚಿತ. ಬನಶಂಕರಿಯಿಂದ ಬಂದ ಬಸ್ಸು ಜನರನ್ನು ಇಳಿಸುತ್ತದೆ. ಅದರ ಮಾರ್ಗಫಲಕ ಬದಲಾಗುತ್ತದೆ, ಕಂಡಕ್ಟರು ಟಿಕೆಟ್ ಯಂತ್ರದಲ್ಲಿ ಹೊಸ ಮಾರ್ಗದ ಸಂಖ್ಯೆ ಒತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಅದೇ ಬಸ್ಸು ಯಲಹಂಕದ ಬಸ್ಸಾಗಿ ಹೊರಡುತ್ತದೆ. ಯಲಹಂಕಕ್ಕೆ ಹೋಗಬೇಕೆಂದು ಯಾರೂ ಎಂಜಿನ್ ಬಿಚ್ಚುವುದಿಲ್ಲ. ಈ ಊರಿನಲ್ಲಿ ಹಲವು ವರ್ಷಗಳಿಂದ ತಂತ್ರಾಂಶ ಬರೆದು ಹೊಟ್ಟೆ ಹೊರೆಯುತ್ತಿರುವ ನನ್ನ ನಿದ್ದೆಗೆಟ್ಟ ರಾತ್ರಿಗಳಲ್ಲಿ ಬಹುಪಾಲು ಇಂಥದೇ ಫಲಕ ಬದಲಿಸುವ ಕೆಲಸದ ಲೆಕ್ಕಕ್ಕೆ ಸೇರಿದವು. ನಮ್ಮ ವೃತ್ತಿಯಲ್ಲಿ ಅದಕ್ಕೆ ಕಾನ್ಫಿಗರೇಶನ್ ಎಂದು ಹೆಸರು.

ಒಂದು ತಂತ್ರಾಂಶ ಬರೆದವರ ಮೇಜಿನಿಂದ ಬಳಸುವವರ ಕೈಗೆ ಒಂದೇ ನೆಗೆತದಲ್ಲಿ ಹೋಗುವುದಿಲ್ಲ. ಮೊದಲು ಅದು ಬರೆದವನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಆಮೇಲೆ ಪರೀಕ್ಷೆಯ ಸರ್ವರಿನಲ್ಲಿ, ಆಮೇಲೆ ಅಸಲಿನ ಹಾಗೆಯೇ ಕಾಣುವಂತೆ ಕಟ್ಟಿದ ಸ್ಟೇಜಿಂಗ್ ಎಂಬ ತಾಲೀಮಿನ ಅಂಗಳದಲ್ಲಿ, ಕೊನೆಗೆ ಪ್ರೊಡಕ್ಷನ್ನಿನಲ್ಲಿ, ಎಂದರೆ ನಿಜವಾದ ಗ್ರಾಹಕರ ಮುಂದೆ. ಈ ನಾಲ್ಕೂ ಕಡೆ ಕೋಡ್ ಒಂದೇ. ಡೇಟಾಬೇಸಿನ ವಿಳಾಸ, ಅದರ ಪಾಸ್‌ವರ್ಡ್, ಹಣ ಪಾವತಿಯ ಗೇಟ್‌ವೇ, ಎಸ್‌ಎಂಎಸ್ ಕಳಿಸುವ ಸೇವೆಯ ಕೀಲಿ, ಎಷ್ಟು ಸೆಕೆಂಡ್ ಕಾದು ಕೈಬಿಡಬೇಕೆಂಬ ಮಿತಿ, ಇವು ಮಾತ್ರ ಒಂದೊಂದು ಕಡೆ ಒಂದೊಂದು. ಹೀಗೆ ಬದಲಾಗುವುದನ್ನೆಲ್ಲ ಕೋಡಿನಿಂದ ಹೊರಗಿಟ್ಟು, ಕಟ್ಟಿದ ಪ್ಯಾಕೇಜನ್ನು ಎಲ್ಲ ಕಡೆಗೂ ಇದ್ದ ಹಾಗೆಯೇ ಒಯ್ಯಬೇಕು. ಪ್ರತಿ ಊರಿಗೂ ಬೇರೆ ಪ್ಯಾಕೇಜ್ ಕಟ್ಟಿದರೆ, ಪರೀಕ್ಷಿಸಿದ್ದು ಒಂದು ಬಸ್ಸನ್ನು, ಜನರನ್ನು ಹತ್ತಿಸಿದ್ದು ಇನ್ನೊಂದು ಬಸ್ಸಿಗೆ ಎಂದಾಗುತ್ತದೆ.

2011ರಲ್ಲಿ ಹೆರೋಕು ಎಂಬ ಕ್ಲೌಡ್ ಸೇವೆಯ ಸಂಸ್ಥೆಯ ಎಂಜಿನಿಯರುಗಳು 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಹೆಸರಿನಲ್ಲಿ ಹನ್ನೆರಡು ಸೂತ್ರಗಳನ್ನು ಬರೆದಿಟ್ಟರು. ಮೂರನೆಯ ಸೂತ್ರ ಕಾನ್ಫಿಗರೇಶನ್ನಿನದು. ಅಲ್ಲಿ ಹೇಳಿರುವ ಪರೀಕ್ಷೆ ಬಹಳ ಸರಳ: ನಿಮ್ಮ ಕೋಡನ್ನೆಲ್ಲ ಈ ಕ್ಷಣವೇ ಲೋಕಕ್ಕೆ ತೆರೆದಿಟ್ಟರೂ ಒಂದು ಗುಟ್ಟೂ ಬಯಲಾಗದಿದ್ದರೆ ನಿಮ್ಮ ಸೆಟ್ಟಿಂಗುಗಳು ಇರಬೇಕಾದ ಕಡೆ ಇವೆ. ಸೆಟ್ಟಿಂಗುಗಳನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿ, ಎಂದರೆ ಪ್ರೋಗ್ರಾಮನ್ನು ಆರಂಭಿಸುವಾಗ ಆಪರೇಟಿಂಗ್ ಸಿಸ್ಟಮ್ ಅದರ ಮಡಿಲಿಗೆ ಹಾಕಿ ಕಳಿಸುವ ಹೆಸರು-ಮೌಲ್ಯಗಳ ಪಟ್ಟಿಯಲ್ಲಿ, ಇಡಬೇಕೆಂದು ಅವರು ಸೂಚಿಸಿದರು. ಈ ಪಟ್ಟಿ 1979ರಲ್ಲಿ ಬಂದ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಏಳನೆಯ ಆವೃತ್ತಿಯಿಂದಲೂ ಇದೆ. ಊರಿಗೊಂದು ಹೆಸರಿಟ್ಟು ಊರಿಗೊಂದು ಕಡತ ಮಾಡುವುದನ್ನು ಆ ಸೂತ್ರಕಾರರು ಒಪ್ಪುವುದಿಲ್ಲ. ಡೆಮೊಗೊಂದು, ಹೊಸ ಹುಡುಗನ ಪ್ರಯೋಗಕ್ಕೊಂದು ಎಂದು ಕಡತಗಳು ಮರಿಹಾಕುತ್ತವೆ ಎನ್ನುವುದು ಅವರ ಆಕ್ಷೇಪ. ಮಾತು ಸರಿಯೇ ಆದರೂ ನಾನು ಅವರಷ್ಟು ಮಡಿವಂತನಲ್ಲ. ಎಲ್ಲ ಕಡೆಗೂ ಸಲ್ಲುವ ಗುಟ್ಟಲ್ಲದ ಮೌಲ್ಯಗಳನ್ನು ಒಂದು ಮೂಲ ಕಡತದಲ್ಲಿಟ್ಟು, ನಿಜಕ್ಕೂ ಬೇರೆಯಾಗುವ ಐದಾರನ್ನು ಮಾತ್ರ ಹೊರಗಿನಿಂದ ಕೊಡುವುದು ದಿನನಿತ್ಯದ ಕೆಲಸಕ್ಕೆ ಒಗ್ಗುತ್ತದೆ.

ಈ ಪಟ್ಟಿಯಲ್ಲಿರುವ ಮೌಲ್ಯಗಳೆಲ್ಲ ಬರೀ ಅಕ್ಷರಗಳು ಎಂಬುದನ್ನು ಮರೆತವರು ಮುಗ್ಗರಿಸಿ ಬೀಳುತ್ತಾರೆ. ಒಂದು ಸೌಲಭ್ಯ ಬೇಡವೆಂದು ಇಂಗ್ಲಿಷಿನಲ್ಲಿ 'ಫಾಲ್ಸ್', ಅಂದರೆ ಅಲ್ಲ, ಎಂದು ಬರೆದಿರುತ್ತೀರಿ. ಪೈಥಾನಿನಲ್ಲಾಗಲಿ ಜಾವಾಸ್ಕ್ರಿಪ್ಟಿನಲ್ಲಾಗಲಿ ಅದನ್ನು ನೇರವಾಗಿ 'ಇದ್ದರೆ' ಎಂಬ ಷರತ್ತಿಗೆ ಕೊಟ್ಟರೆ, ಐದಕ್ಷರದ ಆ ಪದ ಖಾಲಿಯಲ್ಲವಾದ್ದರಿಂದ ಭಾಷೆ ಅದನ್ನು ಹೌದು ಎಂದೇ ಎಣಿಸುತ್ತದೆ. ಬೇಡವೆಂದದ್ದೇ ಚಾಲೂ ಆಗುತ್ತದೆ. ಸೆಟ್ಟಿಂಗುಗಳನ್ನು ಬರೆದಿಡಲು ಬಳಸುವ ಯಾಮಲ್ ಎಂಬ ಬಗೆಯ ಕಡತಗಳ ತೊಂದರೆ ಇದಕ್ಕೆ ತದ್ವಿರುದ್ಧ: ಅದರ ಹಳೆಯ 1.1 ಆವೃತ್ತಿಯಲ್ಲಿ ದೇಶಗಳ ಪಟ್ಟಿ ಬರೆಯುತ್ತಾ ನಾರ್ವೆಯ ಸಂಕೇತವಾದ 'ಎನ್ಓ' ಎಂಬ ಎರಡಕ್ಷರವನ್ನು ಉದ್ಧರಣ ಚಿಹ್ನೆಯಿಲ್ಲದೆ ಹಾಕಿದರೆ, ಅದು 'ನೋ' ಎಂದು, ಅಂದರೆ ಇಲ್ಲ ಎಂದು ಓದಿಕೊಂಡು ಒಂದು ದೇಶವನ್ನೇ ನುಂಗಿಬಿಡುತ್ತದೆ.

ಪಾಸ್‌ವರ್ಡುಗಳ ವಿಷಯ ಇನ್ನೂ ಸೂಕ್ಷ್ಮ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ರೆಪಾಸಿಟರಿಗೆ ಒಮ್ಮೆ ಸೇರಿದ ಕೀಲಿಯನ್ನು ಮರುದಿನ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆಗ ಅಳಿಸುವುದರಿಂದ ಏನೂ ಆಗದು, ಕೀಲಿಯನ್ನೇ ರದ್ದುಮಾಡಿ ಹೊಸದು ಪಡೆಯಬೇಕು. ಹಲವು ಸರ್ವರುಗಳಲ್ಲಿ ತಂತ್ರಾಂಶ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಎಂಬ ವ್ಯವಸ್ಥೆಯನ್ನು ಬಳಸುವವರು ತಮ್ಮ ಗುಟ್ಟುಗಳನ್ನು 'ಸೀಕ್ರೆಟ್' ಎಂಬ ಡಬ್ಬಿಯಲ್ಲಿಟ್ಟು ನಿಶ್ಚಿಂತರಾಗುವುದನ್ನು ಕಂಡಿದ್ದೇನೆ. ಹೆಸರೇನೋ ಭರ್ಜರಿಯಾಗಿದೆ. ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಅದರೊಳಗಿರುವುದು ಬೇಸ್64 ಎಂಬ ಲಿಪಿಯಲ್ಲಿ ಬರೆದ ಅದೇ ಪಾಸ್‌ವರ್ಡು. ಯಾರು ಬೇಕಾದರೂ ಒಂದೇ ಆಜ್ಞೆಯಲ್ಲಿ ಬಿಡಿಸಿ ಓದಬಹುದು.

ಈಗ ನನ್ನದೇ ಒಂದು ತಪ್ಪಿನ ಕಥೆ. ಆಗ ನಾನಿದ್ದ ಕಂಪನಿ ಸಾಲದ ಕಂತುಗಳ ಲೆಕ್ಕ ನೋಡಿಕೊಳ್ಳುವ ತಂತ್ರಾಂಶ ಮಾಡುತ್ತಿತ್ತು. ಎಸ್‌ಎಂಎಸ್ ಗೇಟ್‌ವೇಯ ವಿಳಾಸವನ್ನು ಎನ್ವಿರಾನ್ಮೆಂಟಿನಿಂದ ಓದುವ ಸಾಲನ್ನು ಬರೆದವನು ನಾನೇ. ವಿಳಾಸ ಸಿಗದೆಹೋದರೆ ಪ್ರೋಗ್ರಾಮ್ ನಿಂತುಹೋದೀತಲ್ಲ ಎಂಬ ಕಾಳಜಿಯಿಂದ, ಸಿಗದಿದ್ದರೆ ಇದನ್ನು ಬಳಸು ಎಂದು ಪ್ರೊಡಕ್ಷನ್ನಿನ ವಿಳಾಸವನ್ನೇ ಡಿಫಾಲ್ಟ್ ಆಗಿ ಕೊಟ್ಟಿದ್ದೆ. ಕೀಲಿಗೂ ಅದೇ ಉಪಕಾರ ಮಾಡಿದ್ದೆ. ಕೆಲವು ತಿಂಗಳ ನಂತರ ಸ್ಟೇಜಿಂಗಿಗೆ ಹೊಸ ಸರ್ವರ್ ಬಂತು. ಅದಕ್ಕೆ ಈ ಎರಡು ವೇರಿಯಬಲ್‌ಗಳನ್ನು ಹಾಕುವುದನ್ನು ಯಾರೋ ಮರೆತರು. ಅಲ್ಲಿದ್ದ ಡೇಟಾ ಅಸಲಿ ಡೇಟಾಬೇಸಿನ ಹಳೆಯ ನಕಲು, ಅದರಲ್ಲಿದ್ದ ಮೊಬೈಲ್ ಸಂಖ್ಯೆಗಳೂ ಅಸಲಿ. ಅದೂ ಇನ್ನೊಂದು ತಪ್ಪು, ಆ ಮಾತು ಬೇರೆ. ರಾತ್ರಿ ಪರೀಕ್ಷೆಗಾಗಿ ಬಾಕಿ ನೆನಪೋಲೆಯ ಕೆಲಸ ಓಡಿಸಿದೆವು. ಪರದೆಯ ಮೇಲೆ ಎಲ್ಲವೂ ಹಸಿರು. ಬೆಳಿಗ್ಗೆ ಸಹಾಯವಾಣಿಗೆ ಬಂದ ಮೊದಲ ಕರೆ ತುಮಕೂರಿನ ಹಿರಿಯರೊಬ್ಬರದು: "ಏನಪ್ಪಾ, ಹೋದ ತಿಂಗಳೇ ಪೂರ್ತಿ ತೀರಿಸಿದೀನಲ್ಲ, ರಶೀದಿ ಕೈಲೇ ಇದೆ, ಮತ್ತೆ ಬಾಕಿ ಅಂತ ಕಳ್ಸಿದೀರಲ್ಲ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಕಣಪ್ಪಾ."

ಫಲಕವಿಲ್ಲದ ಬಸ್ಸು ನಿಲ್ದಾಣದಲ್ಲೇ ನಿಂತಿದ್ದರೆ ಜನ ಬೈಯುತ್ತಿದ್ದರು, ಅಷ್ಟೇ. ನಾನು ಅದಕ್ಕೆ ಹಳೆಯ ಫಲಕವೊಂದನ್ನು ಸಿಕ್ಕಿಸಿ ಓಡಿಸಿದ್ದೆ.

ಇಂಥ ಎಡವಟ್ಟು ದೊಡ್ಡವರಿಗೂ ಆಗಿದೆ. ಅಮೆರಿಕದ ಷೇರು ವಹಿವಾಟಿನ ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಹೊಸ ಕೋಡನ್ನು ಚಾಲನೆಗೆ ತಂದಿತು. ಅದನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು, ಏಳಕ್ಕೆ ಮಾತ್ರ ಹಾಕಿದ್ದರು. ಹೊಸ ಸೌಲಭ್ಯವನ್ನು ಎಬ್ಬಿಸಲು ಅವರು ಆರಿಸಿಕೊಂಡಿದ್ದು 2003ರಲ್ಲಿ ಬಳಕೆ ನಿಲ್ಲಿಸಿದ್ದ ಇನ್ನೊಂದು ಸೌಲಭ್ಯದ ಹಳೆಯ ಫ್ಲ್ಯಾಗನ್ನೇ, ಎಂದರೆ ಅದನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ. ಏಳು ಸರ್ವರುಗಳು ಆ ಫ್ಲ್ಯಾಗನ್ನು ಹೊಸ ಅರ್ಥದಲ್ಲಿ ಓದಿಕೊಂಡವು, ಎಂಟನೆಯದು ಹಳೆಯ ಅರ್ಥದಲ್ಲಿ ಓದಿಕೊಂಡು ಸತ್ತ ಕೋಡನ್ನು ಎಬ್ಬಿಸಿ ಬೇಡದ ಷೇರುಗಳ ಆರ್ಡರುಗಳನ್ನು ಒಂದೇ ಸಮನೆ ಕಳಿಸತೊಡಗಿತು. ಮುಕ್ಕಾಲು ಗಂಟೆಯಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಬಸ್ಸಿನ ಫಲಕ ಬದಲಾಗಿ ಟಿಕೆಟ್ ಯಂತ್ರದಲ್ಲಿ ಹಳೆಯ ಮಾರ್ಗವೇ ಉಳಿದರೆ ಏನಾಗುತ್ತದೋ, ಅದೇ ಇಲ್ಲಿ ಆದದ್ದು.

ಯಾರೂ ಬರೆದಿಡದ ಸೆಟ್ಟಿಂಗುಗಳೂ ಇರುತ್ತವೆ. ಗಡಿಯಾರ ಅವುಗಳಲ್ಲೊಂದು. ಬೆಂಗಳೂರಿನ ನಮ್ಮ ಲ್ಯಾಪ್‌ಟಾಪುಗಳು ಭಾರತೀಯ ಕಾಲಮಾನ ತೋರಿಸುತ್ತವೆ. ಕ್ಲೌಡಿನ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಆ ಸರ್ವರಿನ ಪಾಲಿಗೆ ದಿನ ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ. ಐದು ಗಂಟೆಗೇ ಎದ್ದು ಹಾಲಿಗೆ ಆರ್ಡರ್ ಕೊಟ್ಟವರ ಲೆಕ್ಕವೆಲ್ಲ ನಿನ್ನೆಯ ಖಾತೆಗೆ ಬೀಳುತ್ತದೆ. ಬರೆದವನ ಮೇಜಿನ ಮೇಲೆ ಈ ತಪ್ಪು ಎಂದೂ ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಅಲ್ಲಿ ಗಡಿಯಾರ ಸರಿಯಾಗಿದೆ.

ತುಮಕೂರಿನವರ ಕರೆ ಬಂದ ದಿನ ನಾನು ಆ ಡಿಫಾಲ್ಟುಗಳನ್ನು ಕಿತ್ತುಹಾಕಿದೆ. ಬೇಕಾದ ವೇರಿಯಬಲ್‌ಗಳ ಹೆಸರನ್ನೆಲ್ಲ ಕೋಡಿನ ಒಂದೇ ಕಡೆ ಪಟ್ಟಿ ಮಾಡಿ, ಪ್ರೋಗ್ರಾಮ್ ಏಳುವಾಗಲೇ ಒಂದೊಂದನ್ನೂ ಪರೀಕ್ಷಿಸಿ, ಒಂದು ಇಲ್ಲದಿದ್ದರೂ ಅದರ ಹೆಸರು ಹೇಳಿ ನಿಂತುಬಿಡುವಂತೆ ಮಾಡಿದೆ. ಮೌಲ್ಯಗಳನ್ನು ಮಾತ್ರ ಪ್ರೋಗ್ರಾಮ್ ಬರೆದಿಡುವ ದಿನಚರಿಯಾದ ಲಾಗಿನಲ್ಲಿ ಮುದ್ರಿಸದಂತೆ ನೋಡಿಕೊಂಡೆ. ಹತ್ತು ಹನ್ನೆರಡು ದಿನ ಕಳೆದಿರಬೇಕು, ರಾತ್ರಿ ಊಟಕ್ಕೆ ಕೂತಿದ್ದೆ, ಸಹೋದ್ಯೋಗಿಯ ಫೋನು ಬಂತು. "ಸರ್, ಹೊಸ ಸರ್ವರ್ ಏಳ್ತಾನೇ ಇಲ್ಲ. ಗೇಟ್‌ವೇ ಕೀಲಿ ಇಲ್ಲ ಅಂತ ಹೇಳಿ ನಿಂತ್ಬಿಡುತ್ತೆ. ಮೊದಲು ಹೀಗೆಲ್ಲ ಮಾಡ್ತಿರಲಿಲ್ಲ." ಅವನ ದನಿಯಲ್ಲಿ ಸ್ಪಷ್ಟವಾದ ಅಸಮಾಧಾನವಿತ್ತು. ಕೀಲಿ ಎಲ್ಲಿದೆಯೆಂದು ಹೇಳಿ, ಹಾಕಿಸಿ, ಸರ್ವರ್ ಎದ್ದಿತೆಂದು ಕೇಳಿಕೊಂಡು ತಟ್ಟೆಯ ಮುಂದೆ ಮತ್ತೆ ಕೂತಾಗ ಸಾರು ಇನ್ನೂ ಬಿಸಿಯಾಗಿಯೇ ಇತ್ತು.

ವಂದನೆಗಳು.