ಮನೆ ಥರ ಅಂತೀರಲ್ಲ, ಹಾಸಿಗೆ ಪಕ್ಕ ಸ್ವಿಚ್ ಎಲ್ಲಿ?

ನಮಸ್ಕಾರ ಎಲ್ರಿಗೂ. ಇವತ್ತಿಗೆ ಬೇರೆ ಎಪಿಸೋಡ್ ರೆಡಿ ಇತ್ತು, ಅದನ್ನ ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋಟೆಲ್ ರೂಮ್ ಮನೆ ಥರ ಇರ್ಬೇಕು ಅಂತ ನಾನು ಹೇಳಿದ ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರ್ದಿದಾರೆ, "ಬುಟೀಕ್ ಹೋಟೆಲ್ ಅಂದ್ರೆ ಡಿಸೈನ್ ಸರ್, ಮನೆ ಥರ ಇರ್ಬೇಕು ಅಂದ್ರೆ ಮನೇಲೇ ಇರಿ, ರೂಮ್ ಯಾಕೆ ಬುಕ್ ಮಾಡ್ತೀರಾ" ಅಂತ. ಅದಕ್ಕೆ ರಾಶಿ ಲೈಕು ಬೇರೆ. ನಾನು ಅದನ್ನ ಓದಿದ್ದು ಯಾವಾಗ ಗೊತ್ತಾ? ಅಂಥದ್ದೇ ಒಂದು ಹೊಸ ಬುಟೀಕ್ ಹೋಟೆಲ್, ಅಂದ್ರೆ ಡಿಸೈನಿಗೇ ಒತ್ತು ಕೊಟ್ಟು ಮಾಡಿರೋ ಚಿಕ್ಕ ಹೋಟೆಲ್ ರೂಮಲ್ಲಿ, ರಾತ್ರಿ ಎರಡೂವರೆಗೆ, ಕಾಲಿನ ಹೆಬ್ಬೆರಳು ಒತ್ತಿ ಹಿಡ್ಕೊಂಡು ಹಾಸಿಗೆ ಮೇಲೆ ಕೂತಿದ್ದಾಗ.

ಆಗಿದ್ದಿಷ್ಟು. ಹೋಟೆಲ್ ಹೆಸ್ರು ಹೇಳಲ್ಲ, ಕೇಳ್ಬೇಡಿ. ರೂಮ್ ನೋಡೋಕೆ ಸಕತ್ತಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಬೂದು ಬಣ್ಣದ ಸಿಮೆಂಟ್ ಗೋಡೆ, ಮೇಲೆ ಗೀಜಗನ ಗೂಡಿನ ಥರ ತೂಗೋ ದೀಪ, ಹಾಸಿಗೆ ಮೇಲೆ "ಮನೆಗೆ ಸ್ವಾಗತ" ಅಂತ ಕಸೂತಿ ಹಾಕಿರೋ ದಿಂಬು. ರಾತ್ರಿ ಎಚ್ಚರ ಆಯ್ತು, ಬಾತ್‌ರೂಮಿಗೆ ಹೋಗ್ಬೇಕು. ಕೈ ಚಾಚಿದೆ, ಸ್ವಿಚ್ ಇಲ್ಲ. ಈ ಕಡೆ ತಡಕಿದೆ, ಬರೀ ಮೆತ್ತನೆ ಹೆಡ್‌ಬೋರ್ಡು. ಮೊಬೈಲ್ ಟಾರ್ಚ್ ಹಾಕೋಣ ಅಂದ್ರೆ ಮೊಬೈಲ್ ಇರೋದು ರೂಮಿನ ಆ ಕೊನೇಲಿ, ಯಾಕಂದ್ರೆ ಪ್ಲಗ್ ಪಾಯಿಂಟ್ ಇರೋದೇ ಅಲ್ಲಿ. ಸರಿ ಅಂತ ಎದ್ದೆ, ಹಾಸಿಗೆಗಿಂತ ಅರ್ಧ ಅಡಿ ಆಚೆಗೆ ಚಾಚ್ಕೊಂಡಿರೋ ಮರದ ಅಂಚು ಇರತ್ತಲ್ಲ, ಫೋಟೋದಲ್ಲಿ ತೇಲ್ತಾ ಇರೋ ಥರ ಕಾಣತ್ತಲ್ಲ, ಅದು ನೇರ ಬೆರಳಿಗೆ ಬಡೀತು. ಕುಂಟ್ಕೊಂಡು ಬಾಗಿಲ ಹತ್ರ ಹೋದ್ರೆ ಅಲ್ಲಿ ಗಾಜಿನ ಟಚ್ ಪ್ಯಾನಲ್ಲು, ಅದ್ರ ಮೇಲೆ ಎಂಟು ಚಿತ್ರ. ಚಂದ್ರನ ಚಿತ್ರ ಒತ್ತಿದೆ, ರೂಮಲ್ಲಿರೋ ಎಲ್ಲಾ ಲೈಟೂ ಒಟ್ಟಿಗೆ ಹತ್ಕೊಂಡ್ವು. ನಿದ್ದೆ ಅಲ್ಲಿಗೆ ಮುಗೀತು.

ಈಗ ನನ್ನ ಪಾಯಿಂಟ್ ಹೇಳ್ತೀನಿ ಕೇಳಿ, ಒಂದೇ ಪಾಯಿಂಟು. ಮನೆ ಅಂದ್ರೆ ಕತ್ತಲಲ್ಲಿ ಕೈ ಚಾಚಿದ್ರೆ ಸ್ವಿಚ್ ಸಿಗೋ ಜಾಗ. ನಿಮ್ಮ ಮನೇಲಿ ಕಣ್ಣು ಮುಚ್ಕೊಂಡು ಎದ್ದು ನೀರು ಕುಡ್ದು ಬಂದು ಮಲಗ್ತೀರಲ್ಲ, ಅದು ಹೇಗೆ ಆಗತ್ತೆ? ಕೈಗೆ ಗೊತ್ತಿರತ್ತೆ, ಕಾಲಿಗೆ ಗೊತ್ತಿರತ್ತೆ. ಹೋಟೆಲಲ್ಲಿ ನಾನಿರೋದು ಒಂದೇ ರಾತ್ರಿ, ನನ್ನ ಕೈ ಅದನ್ನ ಕಲಿಯೋಷ್ಟು ಟೈಮಿಲ್ಲ, ಹಾಗಾಗಿ ಆ ಕೆಲಸ ಡಿಸೈನರ್ ಮಾಡ್ಬೇಕು. ನನ್ನ ಕೈ ಸಹಜವಾಗಿ ಎಲ್ಲಿಗೆ ಹೋಗತ್ತೋ ಅಲ್ಲೇ ಸ್ವಿಚ್ ಇಡ್ಬೇಕು. ಹೋಟೆಲ್ ಡಿಸೈನ್ ಅಂದ್ರೆ ಇದೇ ಕಣ್ರೀ! ಗೀಜಗನ ಗೂಡು ಆಮೇಲೆ.

"ಡಿಸೈನ್ ಅಂದ್ರೆ ಕಲೆ, ಸ್ವಿಚ್ಚು ಎಲೆಕ್ಟ್ರಿಷಿಯನ್ ಕೆಲಸ" ಅಂತ ಇನ್ನೊಬ್ರು. ಅಯ್ಯೋ ದೇವ್ರೇ. ಹಾಗಾದ್ರೆ ಈ ಬುಟೀಕ್ ಹೋಟೆಲ್‌ಗಳು ಶುರುವಾದ ಕಾಲಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ. ಲಂಡನ್ನಲ್ಲಿ ಅನುಷ್ಕಾ ಹೆಂಪೆಲ್ ಅನ್ನೋ ಡಿಸೈನರ್ ಬ್ಲೇಕ್ಸ್ ಅಂತ ಹೋಟೆಲ್ ಶುರು ಮಾಡಿದ್ದು 1978ರಲ್ಲಿ. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಇಬ್ರೂ ಸೇರಿ ಮಾರ್ಗನ್ಸ್ ತೆಗೆದಿದ್ದು 1984ರಲ್ಲಿ. ದೊಡ್ಡ ಹೋಟೆಲ್ ಅಂದ್ರೆ ಎಲ್ಲಾ ಮಾರೋ ಡಿಪಾರ್ಟ್‌ಮೆಂಟ್ ಸ್ಟೋರ್ ಥರ, ನಮ್ದು ಚಿಕ್ಕ ಬುಟೀಕ್ ಅಂಗಡಿ ಥರ ಅಂತ ರುಬೆಲ್ ಹೇಳಿದ್ದೇ ಬುಟೀಕ್ ಹೋಟೆಲ್ ಅನ್ನೋ ಹೆಸ್ರಿಗೆ ಮೂಲ ಅಂತಾರೆ. ಮಾರ್ಗನ್ಸ್ ಒಳಗಡೆ ಡಿಸೈನ್ ಮಾಡಿದ್ದು ಆಂಡ್ರೆ ಪುಟ್ಮಾನ್ ಅನ್ನೋ ಫ್ರೆಂಚ್ ಹೆಂಗಸು. ದುಡ್ಡು ಕಮ್ಮಿ ಇತ್ತು, ಅದಕ್ಕೇ ಬಾತ್‌ರೂಮಿಗೆ ಅಗ್ಗದ ಕಪ್ಪು-ಬಿಳಿ ಟೈಲ್ಸ್ ತಗೊಂಡು ಚದುರಂಗದ ಮಣೆ ಥರ ಹಾಕಿಸಿದ್ರು. ಅದೇ ಆ ಹೋಟೆಲಿನ ಗುರುತಾಗಿ ಹೋಯ್ತು. ಬಜೆಟ್ ಇಲ್ಲ ಅಂತ ಅಳೋರು ಇದನ್ನ ಸ್ವಲ್ಪ ಕೇಳಿಸ್ಕೊಳ್ಳಿ.

ಇನ್ನೊಂದು ಹೇಳ್ತೀನಿ, ಇದು ನಂಗೆ ತುಂಬಾ ಇಷ್ಟ. ಕೋಪನ್‌ಹೇಗನ್ನಲ್ಲಿ ಎಸ್‌ಎಎಸ್ ರಾಯಲ್ ಅಂತ ಹೋಟೆಲ್ಲು, 1960ರಲ್ಲಿ ತೆರೆದಿದ್ದು. ಅದು ಎತ್ತರದ ಟವರು, ಬುಟೀಕ್ ಅಲ್ಲವೇ ಅಲ್ಲ. ಆರ್ನೆ ಯಾಕಬ್ಸೆನ್ ಅನ್ನೋ ಆರ್ಕಿಟೆಕ್ಟ್ ಅದಕ್ಕೆ ಕಟ್ಟಡ ಅಷ್ಟೇ ಮಾಡ್ಲಿಲ್ಲ, ಕುರ್ಚಿ, ದೀಪ, ಚಮಚ ಎಲ್ಲಾ ಅವರದ್ದೇ. ಮೊಟ್ಟೆ ಆಕಾರದ ಎಗ್ ಚೇರ್ ಅಂತೂ ನೀವೆಲ್ಲಾ ನೋಡಿರ್ತೀರಾ, ಅದು ಹುಟ್ಟಿದ್ದೇ ಆ ಹೋಟೆಲಿಗೋಸ್ಕರ. ಎಲ್ರೂ ಆ ಕುರ್ಚಿ ಫೋಟೋ ಹಾಕ್ತಾರೆ. ನಾನು ಹೇಳೋದು ಬಾಗಿಲಿನ ಹಿಡಿ ನೋಡಿ ಅಂತ! ಹಿಡಿದ್ರೆ ಅಂಗೈಗೆ ಸರಿಯಾಗಿ ಕೂರೋ ಹಾಗೆ ಅದನ್ನ ಬಾಗಿಸಿದಾರೆ. ಇಪ್ಪತ್ತೆರಡು ಮಹಡಿ ಕಟ್ಟಿದ ಮನುಷ್ಯ ಕೂತ್ಕೊಂಡು ಅಂಗೈ ಬಗ್ಗೆ ಯೋಚನೆ ಮಾಡಿದಾನೆ, ನೀವು ಹತ್ತು ರೂಮ್ ಕಟ್ಟಿ ಸ್ವಿಚ್ ಎಲೆಕ್ಟ್ರಿಷಿಯನ್ ತಲೆಗೆ ಕಟ್ತೀರಾ?

ಅದಕ್ಕಿಂತ ಮುಂಚೆನೇ ಫಿನ್‌ಲ್ಯಾಂಡಿನಲ್ಲಿ ಆಲ್ವಾರ್ ಆಲ್ಟೊ ಪೈಮಿಯೊ ಅನ್ನೋ ಊರಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿದ್ರು, 1933ರಲ್ಲಿ ಮುಗೀತು. "ಆಸ್ಪತ್ರೆ ಯಾಕೆ ಮಧ್ಯ ಬಂತು" ಅನ್ಬೇಡಿ, ಪೂರ್ತಿ ಕೇಳಿ. ಅವರ ಯೋಚನೆ ಏನಂದ್ರೆ, ನಿಂತಿರೋ ಮನುಷ್ಯನಿಗೆ ಮಾಡೋ ರೂಮೇ ಬೇರೆ, ಮಲಗಿರೋ ಮನುಷ್ಯನಿಗೆ ಮಾಡೋ ರೂಮೇ ಬೇರೆ. ಮಲಗಿರೋನ ಕಣ್ಣಿಗೆ ಕಾಣೋದು ಸೀಲಿಂಗು, ಹಾಗಾಗಿ ಸೀಲಿಂಗಿಗೆ ತಂಪು ಹಸಿರು ಬಣ್ಣ. ಲೈಟು ಕಣ್ಣಿಗೆ ಹೊಡೀದೇ ಇರೋ ಜಾಗದಲ್ಲಿ. ಒಂದು ರೂಮಲ್ಲಿ ಇಬ್ರು, ಒಬ್ರು ಕೈ ತೊಳೀವಾಗ ಇನ್ನೊಬ್ರಿಗೆ ಎಚ್ಚರ ಆಗ್ಬಾರ್ದು ಅಂತ ನೀರು ಸದ್ದಿಲ್ದೆ ಬೀಳೋ ಹಾಗೆ ವಾಶ್‌ಬೇಸಿನ್ ಓರೆ ಮಾಡಿದಾರೆ. ಹೋಟೆಲ್ ರೂಮಲ್ಲೂ ಜನ ಜಾಸ್ತಿ ಹೊತ್ತು ಇರೋದು ಮಲಗಿಕೊಂಡೇ ತಾನೇ? ಆದ್ರೂ ಈಗಿನ ರೂಮುಗಳೆಲ್ಲಾ ಬಾಗಿಲಲ್ಲಿ ನಿಂತು ಫೋಟೋ ಹೊಡೆಯೋನಿಗೆ ಮಾಡಿರೋವು. ಮಲಗಿ ಮೇಲೆ ನೋಡಿದ್ರೆ ಎಸಿ ಕಿಂಡಿ, ಒಂದು ಸ್ಪಾಟ್‌ಲೈಟು, ಅದೂ ನೇರ ಕಣ್ಣಿಗೆ.

ಆ ನನ್ನ ರೂಮಲ್ಲಿ ಬಾತ್‌ರೂಮಿಗೆ ಗಾಜಿನ ಗೋಡೆ ಬೇರೆ. ಇಬ್ರು ಹೋದ್ರೆ ಒಬ್ರು ಬಾತ್‌ರೂಮ್ ಲೈಟ್ ಹಾಕಿದ ತಕ್ಷಣ ಇನ್ನೊಬ್ರ ಮುಖದ ಮೇಲೆ ಬೆಳಕು. ಯಾವ ಮನೇಲಿದೆ ರೀ ಗಾಜಿನ ಬಚ್ಚಲು?

ಹೋಟೆಲ್ ಮಾಡೋಕೆ ಹೊರಟಿರೋರು ಬರ್ಕೊಳ್ಳಿ. ಮಾಳಿಗೆ ಮೆಟ್ಟಿಲಿಗೆ ಹಾಕ್ತಾರಲ್ಲ, ಕೆಳಗೆ ಆನ್ ಮಾಡಿ ಮೇಲೆ ಹೋಗಿ ಆಫ್ ಮಾಡೋದು, ಅದೇ ಟೂ-ವೇ ಸ್ವಿಚ್ಚು. ಬಾಗಿಲ ಹತ್ರ ಒಂದು, ಹಾಸಿಗೆಯ ಎರಡೂ ಕಡೆ ಒಂದೊಂದು. ಎರಡೂ ಕಡೆ ಅಂದೆ, ಕೇಳಿಸ್ತಾ? ಮೂರು ಜಾಗದಿಂದ ಒಂದೇ ಲೈಟ್ ಹಾಕ್ಬೇಕು ಅಂದ್ರೆ ಮಧ್ಯದ ಸ್ವಿಚ್ಚು ಬೇರೆ ಥರದ್ದು ಬೇಕು, ಅದೂ ಅಂಗಡೀಲಿ ಸಿಗತ್ತೆ. ಆದ್ರೆ ಇದನ್ನ ಗೋಡೆ ಪ್ಲಾಸ್ಟರ್ ಆಗೋಕ್ ಮುಂಚೆ ಯೋಚಿಸ್ಬೇಕು, ಪೈಪ್ ಎಳೆಯೋ ಹೊತ್ತಲ್ಲೇ. ಆಮೇಲೆ ಗೋಡೆ ಕೊರೀಬೇಕಾಗತ್ತೆ, ಆಗ "ಇರ್ಲಿ ಬಿಡಿ ಸರ್" ಅಂತಾರೆ, ಆ "ಇರ್ಲಿ ಬಿಡಿ" ಇಂದಾನೇ ನನ್ನ ಬೆರಳು ಊದ್ಕೊಂಡಿರೋದು. ಬಲ್ಬು 2700 ಕೆಲ್ವಿನ್ ಇರ್ಲಿ, ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ, ಇದು ಹಳದಿ ಬೆಳಕು. 6500 ಕೆಲ್ವಿನ್ ಬಿಳೀ ಬೆಳಕು ವರ್ಕ್‌ಶಾಪಿಗೆ ಸರಿ, ಮಲಗೋ ಕೋಣೆಗಲ್ಲ. ಬಾತ್‌ರೂಮಿಗೆ ಹೋಗೋ ದಾರೀಲಿ ಕಾಲಿನ ಮಟ್ಟದಲ್ಲಿ ಒಂದು ಮಂದ ದೀಪ, ಅದಕ್ಕೂ ಸ್ವಿಚ್ ಇರ್ಲಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕ್ಸಿ, ಕಾರಿಡಾರಲ್ಲಿ ಟ್ರಾಲಿ ಎಳೆಯೋ ಸದ್ದು ಅಲ್ಲಿಂದಾನೇ ಒಳಗೆ ಬರೋದು. ಕೀ-ಕಾರ್ಡ್ ತೆಗೆದ್ರೆ ಕರೆಂಟ್ ಹೋಗತ್ತಲ್ಲ, ಕನಿಷ್ಠ ಒಂದು ಪ್ಲಗ್ಗಾದ್ರೂ ಅದರಿಂದ ಹೊರಗಿಡಿ, ಚಾರ್ಜಿಗೆ ಹಾಕಿ ಹೊರಗೆ ಹೋಗ್ಬಹುದು. ಮೊಳೆ, ಕೊಕ್ಕೆ ಎಷ್ಟಿದ್ರೂ ಸಾಲಲ್ಲ. ಒದ್ದೆ ಟವಲ್ ಎಲ್ಲಿ ಹಾಕೋದು ಅಂತ ನಿಂತು ಯೋಚಿಸೋ ಹಾಗಾದ್ರೆ ಅದು ಮನೆ ಅಲ್ಲ.

ಈ ಪಾಯಿಂಟೆಲ್ಲಾ ಸೇರ್ಸಿ ಒಂದು ಚೆಕ್‌ಲಿಸ್ಟ್ ಮಾಡಿದೀನಿ, ಡಿಸ್ಕ್ರಿಪ್ಷನ್ನಲ್ಲಿ ಲಿಂಕ್ ಇದೆ, ಫ್ರೀ. ಹಾಗೇ ಸಬ್‌ಸ್ಕ್ರೈಬ್ ಮಾಡಿ, ನೋಡೋರಲ್ಲಿ ಮುಕ್ಕಾಲು ಜನ ಇನ್ನೂ ಮಾಡಿಲ್ಲ, ಬೇಜಾರಾಗತ್ತೆ ನಿಜವಾಗ್ಲೂ.

ಈಗ ನೀವು ಹೇಳೋದು ಗೊತ್ತು. "ಜನ ಬುಕ್ ಮಾಡೋದೇ ಫೋಟೋ ನೋಡಿ ಸರ್." ಹೌದು ಮಾಡ್ತಾರೆ, ಒಂದ್ಸಲ. ಆ ಫೋಟೋ ನೋಡಿ ನಾನೂ ಹೋಗಿದ್ದೆ, ಇನ್ನೊಂದ್ಸಲ ಹೋಗ್ತೀನಾ? "ಮನೆ ಥರ ಅನ್ನಿಸೋದು ಸ್ಟಾಫ್ ಪ್ರೀತಿಯಿಂದ ಸರ್." ಒಳ್ಳೇದು, ರಾತ್ರಿ ಎರಡೂವರೆಗೆ ನಿಮ್ಮ ಸ್ಟಾಫು ನನ್ನ ಹಾಸಿಗೆ ಪಕ್ಕ ನಿಂತಿರ್ತಾರಾ? ಬೇಡಪ್ಪಾ, ಸ್ವಿಚ್ ಇಡಿ ಸಾಕು! "ಒಬ್ಬೊಬ್ರ ಮನೆ ಒಂದೊಂದು ಥರ, ಯಾರ ಮನೆ ಥರ ಮಾಡೋದು?" ಇದನ್ನ ಬರ್ದೋರು ದೊಡ್ಡ ತತ್ವ ಹೇಳಿದೀನಿ ಅಂದ್ಕೊಂಡಿರ್ತಾರೆ. ಮನೆ ಬೇರೆ ಬೇರೆ ಇರ್ಬಹುದು ಸ್ವಾಮಿ, ಕೈ ಎಲ್ರದ್ದೂ ಭುಜದಿಂದಾನೇ ಶುರುವಾಗತ್ತೆ, ಮಲಗಿದ್ರೆ ಅದು ಎಲ್ಲಿ ತನಕ ಎಟಕತ್ತೆ ಅಂತ ಅಳತೆ ಪಟ್ಟಿ ಹಿಡಿದು ನೋಡಿ!

ದೊಡ್ಡ ಹೋಟೆಲ್‌ಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ, ಎಲ್ಲಾ ರೂಮ್ ಕಟ್ಟೋಕ್ ಮುಂಚೆ ಒಂದೇ ಒಂದು ಮಾದರಿ ರೂಮ್ ಮಾಡಿ ನೋಡ್ತಾರೆ, ಮಾಕ್-ಅಪ್ ರೂಮ್ ಅಂತಾರೆ. ಚಿಕ್ಕ ಹೋಟೆಲ್‌ನೋರು ಇದನ್ನ ಬಿಟ್ಟುಬಿಡ್ತಾರೆ. ಮಾಡಿದ್ರೂ ಓನರ್ರು, ಆರ್ಕಿಟೆಕ್ಟು ಹಗಲು ಹೊತ್ತು ಬಂದು ನಿಂತು ನೋಡಿ "ಲುಕ್ ಚೆನ್ನಾಗಿದೆ" ಅಂತ ಹೊರಟುಹೋಗ್ತಾರೆ. ಮಲಗ್ರೀ ಅಲ್ಲಿ! ಲೈಟ್ ಆಫ್ ಮಾಡಿ ಎರಡು ರಾತ್ರಿ ಮಲಗಿ! ನಿಮ್ಮ ಅಮ್ಮನ್ನ ಕರ್ಕೊಂಡು ಬಂದು ಒಂದು ರಾತ್ರಿ ಮಲಗ್ಸಿ, ಅವರು ಕತ್ತಲಲ್ಲಿ ಎದ್ದು ಬಾತ್‌ರೂಮಿಗೆ ಹೋಗಿ ಬರ್ಲಿ, ಆಮೇಲೆ ಆ ಗೀಜಗನ ಗೂಡು ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ರಾ?

ನಂಗೆ ಕೋಪ ಬರ್ತಿದೆ ಯಾಕಂದ್ರೆ ಇದು ಕಷ್ಟದ ಕೆಲಸನೇ ಅಲ್ಲ. ಒಂದು ಸ್ವಿಚ್. ಹಾಸಿಗೆ ಪಕ್ಕ. ಒತ್ತಿದ್ರೆ ಟಕ್ ಅನ್ನೋದು, ಚಿತ್ರ ಇಲ್ಲದ್ದು, ಗಾಜಲ್ಲದ್ದು. ಅಷ್ಟು ಇಡೋಕಾಗದೋರು ದಿಂಬಿನ ಮೇಲೆ "ಮನೆ" ಅಂತ ಯಾಕೆ ಬರೀತೀರಾ? ಬರೀಬೇಡಿ! ಕಿತ್ತಾಕಿ ಆ ದಿಂಬು!

ಸರಿ, ಆ ಕಮೆಂಟ್ ಹಾಕಿದೋರಿಗೆ ಒಂದು ಕೆಲಸ. ಮುಂದಿನ ಸಲ ಹೋಟೆಲಿಗೆ ಹೋದಾಗ ಬ್ಯಾಗ್ ಬಿಚ್ಚೋಕ್ ಮುಂಚೆ ಹಾಸಿಗೆ ಮೇಲೆ ಮಲಗಿ, ಕಣ್ಣು ಮುಚ್ಚಿ, ಕೈ ಚಾಚಿ. ಏನು ಸಿಗ್ತು ಅಂತ ಇಲ್ಲೇ ಕೆಳಗೆ ಬರೀರಿ, ನಾನೇ ಪಿನ್ ಮಾಡ್ತೀನಿ. ಮುಂದಿನ ವಾರ ಶವರ್ ಬಗ್ಗೆ ಮಾತಾಡೋಣ, ಬಿಸಿ ನೀರು ಯಾವ ಕಡೆ ಅಂತ ಗೊತ್ತಾಗದೇ ಇರೋ ಆ ಒಂದೇ ನಲ್ಲಿ ಬಗ್ಗೆ, ಅದಕ್ಕೂ ಸ್ಕ್ರಿಪ್ಟ್ ಬರ್ದಾಗಿದೆ, ಇದಕ್ಕಿಂತ ಉದ್ದ ಇದೆ.