ಹತ್ತು ನಿಮಿಷದ ಕ್ಲಾಸಿನಲ್ಲಿ ಸಿಕ್ಕ ಸೂಪರ್‌ನೋವಾ

[ಪರದೆಯ ಮೇಲೆ: ಒಂದೇ ಗ್ಯಾಲಕ್ಸಿಯ ಎರಡು ಚಿತ್ರಗಳು, ಅಕ್ಕಪಕ್ಕ]

ನಮಸ್ಕಾರ. ಮಾತು ಆಮೇಲೆ, ಮೊದಲು ಈ ಎರಡು ಚಿತ್ರ ನೋಡಿ. ವ್ಯತ್ಯಾಸ ಎಲ್ಲಿದೆ ಹೇಳಿ. ಐದು ಸೆಕೆಂಡ್ ಟೈಮ್.

[ಐದು ಸೆಕೆಂಡ್ ಮೌನ]

ಬಲಗಡೆ ಚಿತ್ರದಲ್ಲಿ ಒಂದು ಚುಕ್ಕೆ ಜಾಸ್ತಿ ಇದೆ. ಅಷ್ಟೇ. ಈ ಒಂದು ಚುಕ್ಕೆಯ ಸಲುವಾಗಿ 2014ರ ಜನವರಿ ಕೊನೆಯಲ್ಲಿ ಪ್ರಪಂಚದ ಎಷ್ಟೋ ದೊಡ್ಡ ಟೆಲಿಸ್ಕೋಪ್‌ಗಳು ಹಿಡಿದ ಕೆಲಸ ಬಿಟ್ಟು ಒಂದೇ ಕಡೆ ತಿರುಗಿದವು. ಬಾಹ್ಯಾಕಾಶದಲ್ಲಿದ್ದ ಹಬಲ್ ಕೂಡ. ಆದರೆ ಅದನ್ನು ಮೊದಲು ಗುರುತಿಸಿದ್ದು ಇವರ್ಯಾರೂ ಅಲ್ಲ. ಮೋಡ ಮುಚ್ಚುವುದರೊಳಗೆ ಮುಗಿಸಬೇಕಿದ್ದ ಒಂದು ಕಾಲೇಜು ಕ್ಲಾಸು!

ಇದನ್ನು ಈಗ ಯಾಕೆ ಎತ್ತಿದೆ ಅಂದರೆ, ನಮ್ಮ ವೀಕ್ಷಕರಾದ ಒಬ್ಬ ಟೀಚರ್ ಕೇಳಿದ ಪ್ರಶ್ನೆ. "ನಾನೂ ನನ್ನ ವಿದ್ಯಾರ್ಥಿಗಳೂ ದಿನಾ ಖಗೋಳದ ಸುದ್ದಿ ಹಂಚಿಕೊಳ್ಳುತ್ತೇವೆ. ಎಲ್ಲಾ ಬೇರೆ ಯಾರೋ ಕಂಡುಹಿಡಿದದ್ದು. ಕ್ಲಾಸಿನಿಂದಲೇ ಸುದ್ದಿ ಹುಟ್ಟುವುದು ಸಾಧ್ಯವಾ?" ಸಾಧ್ಯ. ಹುಟ್ಟಿದೆ. ಆದರೆ ಅದು ಹುಟ್ಟಿದ ರೀತಿ ನಾವು ಅಂದುಕೊಳ್ಳುವ ಹಾಗಿಲ್ಲ.

ಮೂಲ ವಿಷಯ ಸರ್ರನೆ ಹೇಳಿಬಿಡುತ್ತೇನೆ. ಸೂಪರ್‌ನೋವಾ ಅಂದರೆ ನಕ್ಷತ್ರದ ಸ್ಫೋಟ. ಅದರಲ್ಲಿ ಟೈಪ್ ಒನ್ ಎ ಅಂತ ಒಂದು ಜಾತಿ. ಇಲ್ಲಿ ಸಿಡಿಯುವುದು ಶ್ವೇತ ಕುಬ್ಜ. ಅಂದರೆ ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ಗಟ್ಟಿ ಉಂಡೆ, ಭೂಮಿಯಷ್ಟೇ ಗಾತ್ರದ್ದು. ಅದಕ್ಕೆ ಜೊತೆಗಾರ ನಕ್ಷತ್ರದಿಂದ ವಸ್ತು ಸುರಿದರೆ, ಅಥವಾ ಇಂಥವೇ ಎರಡು ಡಿಕ್ಕಿ ಹೊಡೆದರೆ, ಢಮಾರ್. ಅದರ ಮೇಲೆ ಬೇರೆ ವಿಡಿಯೋನೇ ಬೇಕು, ಇವತ್ತು ಬೇಡ.

[ಪರದೆಯ ಮೇಲೆ: 21 ಜನವರಿ 2014, ಸಂಜೆ 7.20]

ಜಾಗ, ಲಂಡನ್ನಿನ ಮಿಲ್ ಹಿಲ್‌ನಲ್ಲಿರುವ ವಿಶ್ವವಿದ್ಯಾಲಯದ ವೀಕ್ಷಣಾಲಯ. ಲಂಡನ್ ಅಂದರೆ ಗೊತ್ತಲ್ಲ, ಆಕಾಶ ನೋಡುವವರು ಆಸೆಪಟ್ಟು ಹೋಗುವ ಊರಲ್ಲ. ನಗರದ ಬೆಳಕು, ಮೇಲೆ ಮೋಡ. ಸ್ಟೀವ್ ಫಾಸಿ ಅನ್ನುವ ಅಧ್ಯಾಪಕರು ನಾಲ್ಕು ಪದವಿ ವಿದ್ಯಾರ್ಥಿಗಳ ಜೊತೆ ಇದ್ದರು. ಅಂದು ಮಾಡಬೇಕಿದ್ದ ಪ್ರಾಕ್ಟಿಕಲ್ ಬೇರೆ. ಮೋಡ ಕವಿಯುತ್ತಾ ಬಂತು. ಸರಿ, ಪಾಠ ಕೈಬಿಟ್ಟು, ಕ್ಯಾಮೆರಾ ಹೇಗೆ ಬಳಸುವುದು ಅಂತ ಹತ್ತು ನಿಮಿಷ ತೋರಿಸಿಬಿಡೋಣ ಅಂದುಕೊಂಡರು. ಟೆಲಿಸ್ಕೋಪ್ 35 ಸೆಂಟಿಮೀಟರ್‌ನದು. ವೃತ್ತಿಪರರ ಲೆಕ್ಕದಲ್ಲಿ ತೀರಾ ಚಿಕ್ಕದು.

ತೋರಿಸಲು ಅವರು ಆರಿಸಿದ್ದು ಎಂ82. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಗ್ಯಾಲಕ್ಸಿ, ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ. ಇದೇ ಯಾಕೆ? ಹೊಳಪಾಗಿದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಅಷ್ಟೇ ಕಾರಣ. ಸೆಲ್ಫಿಗೆ ಜಾಗ ಹುಡುಕುವವರ ತರ್ಕವೇ.

ಟೆಲಿಸ್ಕೋಪನ್ನು ಸ್ವಲ್ಪ ಅತ್ತಿತ್ತ ಸರಿಸಿ ಗ್ಯಾಲಕ್ಸಿಯನ್ನು ಚಿತ್ರದ ಮಧ್ಯಕ್ಕೆ ತರುತ್ತಿದ್ದಾಗ ಫಾಸಿ ಅವರ ಕಣ್ಣಿಗೆ ಒಂದು ನಕ್ಷತ್ರ ಬಿತ್ತು. ಗ್ಯಾಲಕ್ಸಿಯ ಮೇಲೇ ಕೂತಿದೆ. ಅರೆ, ಇದು ಇಲ್ಲಿರಲಿಲ್ಲವಲ್ಲ?

ಇಲ್ಲಿ ಸ್ವಲ್ಪ ನಿಲ್ಲೋಣ. ಚಿತ್ರದಲ್ಲಿ ಆ ಚುಕ್ಕೆ ಮಿನುಗುತ್ತಾ "ನಾನು ಹೊಸಬ" ಅನ್ನುತ್ತಿರಲಿಲ್ಲ. ಅದರ ಸುತ್ತ ನಮ್ಮದೇ ಕ್ಷೀರಪಥದ ನಕ್ಷತ್ರಗಳು ಇದೇ ಥರದ ಚುಕ್ಕೆಗಳಾಗಿ ಕಾಣುತ್ತವೆ. ನೀವಾಗಲಿ ನಾನಾಗಲಿ ಅಲ್ಲಿದ್ದಿದ್ದರೆ "ಎಷ್ಟು ಚೆನ್ನಾಗಿದೆ" ಅಂತ ಮುಂದಕ್ಕೆ ಹೋಗುತ್ತಿದ್ದೆವು. ಅವರು ಹೋಗಲಿಲ್ಲ. ಯಾಕೆಂದರೆ ಎಂ82 ಅವರಿಗೆ ಮೊದಲೇ ನೋಡಿ ಗೊತ್ತಿತ್ತು.

ಆಮೇಲಿನ ಕೆಲಸ ಸಖತ್ ಚುರುಕು. ಮೊದಲು ಇಂಟರ್ನೆಟ್ಟಿನಲ್ಲಿ ಎಂ82ರ ಹಳೆಯ ಚಿತ್ರ ತೆಗೆದು ಪಕ್ಕದಲ್ಲಿಟ್ಟರು. ಹಳೆಯದರಲ್ಲಿ ಚುಕ್ಕೆ ಇಲ್ಲ. ಹಾಗಂತ ಕುಣಿಯುವ ಹಾಗಿಲ್ಲ, ಕ್ಯಾಮೆರಾದ ದೋಷವೂ ಆಗಿರಬಹುದು. ಅದಕ್ಕೆ ಪಕ್ಕದ ಎರಡನೇ ಟೆಲಿಸ್ಕೋಪನ್ನು ಅದೇ ಕಡೆಗೆ ತಿರುಗಿಸಿದರು. ಬೇರೆ ಕನ್ನಡಿ, ಬೇರೆ ಕ್ಯಾಮೆರಾ. ಅಲ್ಲೂ ಚುಕ್ಕೆ ಇತ್ತು. ಈ ಪೂರ್ತಿ ಹೊತ್ತು ಮೇಲೆ ಮೋಡ ಮುಚ್ಚುತ್ತಾ ಬರುತ್ತಿದೆ, ಮರೆಯಬೇಡಿ.

ಅವರಲ್ಲೊಬ್ಬ ವಿದ್ಯಾರ್ಥಿ ಆಮೇಲೆ ಹೇಳಿದ್ದು: ಒಂದು ನಿಮಿಷ ಪಿಜ್ಜಾ ತಿನ್ನುತ್ತಿದ್ದೆವು, ಐದು ನಿಮಿಷ ಕಳೆದರೆ ಸೂಪರ್‌ನೋವಾ ಕಂಡುಹಿಡಿಯಲು ಸಹಾಯ ಮಾಡಿದ್ದೆವು. ಪ್ರಾಕ್ಟಿಕಲ್ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ?

ಸುದ್ದಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸೂಚನಾ ಕೇಂದ್ರಕ್ಕೆ ಹೋಯಿತು. ಬೇರೆ ತಂಡಗಳು ರೋಹಿತ ತೆಗೆದವು, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದವು. ಟೈಪ್ ಒನ್ ಎ ಹೌದು ಅಂತ ಖಾತ್ರಿಯಾಯಿತು. ನಾಲ್ಕು ದಶಕಗಳಲ್ಲಿ ನಮಗೆ ಇಷ್ಟು ಹತ್ತಿರ ಈ ಜಾತಿಯದು ಸಿಡಿದಿರಲಿಲ್ಲ. ಹೆಸರು ಎಸ್‌ಎನ್ 2014ಜೆ. ಎಸ್‌ಎನ್ ಅಂದರೆ ಸೂಪರ್‌ನೋವಾ, 2014 ವರ್ಷ. ಎ, ಬಿ, ಸಿ ಅಂತ ಎಣಿಸಿದರೆ ಜೆ ಹತ್ತನೆಯದು. ಅಂದರೆ ಆ ವರ್ಷ ಮೂರು ವಾರ ಕಳೆಯುವಷ್ಟರಲ್ಲಿ ಆಗಲೇ ಹತ್ತನೇ ಸೂಪರ್‌ನೋವಾ.

[ಪರದೆಯ ಮೇಲೆ: ಬೆಳಕು ಏರಿ ಇಳಿಯುವ ರೇಖೆ]

ಈಗ ನನಗೆ ಅತಿ ಇಷ್ಟದ ಭಾಗ. ಸಮಯ ಮೀರುತ್ತದೆ ಅಂತ ಗೊತ್ತು, ಪರವಾಗಿಲ್ಲ.

ಸಂಜೆ 7.20ಕ್ಕೆ ಕಂಡಿತು ಅಂದೆನಲ್ಲ, ಅದು ಸಿಡಿದ ಕ್ಷಣವಲ್ಲ. ಬೆಳಕು ಕಾಣಲು ಶುರುವಾಗಿದ್ದು ಸುಮಾರು ಒಂದು ವಾರ ಮೊದಲು, ಜನವರಿ 14ರ ಆಸುಪಾಸು. ಆಮೇಲೂ ಅದು ಹೊಳಪು ಏರಿಸಿಕೊಳ್ಳುತ್ತಲೇ ಹೋಯಿತು. ಫೆಬ್ರವರಿ ಶುರುವಿನ ಹೊತ್ತಿಗೆ ಗರಿಷ್ಠ. ಬಾಂಬ್ ಸಿಡಿದರೆ ಬೆಳಕು ಒಂದೇ ಕ್ಷಣ, ಅಲ್ವಾ? ಇದು ಎರಡು ವಾರ ಏರುತ್ತದೆ, ತಿಂಗಳುಗಟ್ಟಲೆ ಕಾಣುತ್ತದೆ. ಹೇಗೆ?

ಯಾಕೆಂದರೆ ನಾವು ನೋಡುತ್ತಿರುವುದು ಸ್ಫೋಟವನ್ನೇ ಅಲ್ಲ. ಬೆಂಕಿ ಆರಿದ ಮೇಲೆ ಕೆಂಡ ಕಾವು ಕೊಡುತ್ತಾ ಇರುತ್ತದಲ್ಲ, ಆ ಥರ. ಇಲ್ಲಿ ಕೆಂಡ ಯಾವುದು ಅಂದರೆ ನಿಕ್ಕೆಲ್. ಶ್ವೇತ ಕುಬ್ಜದಲ್ಲಿದ್ದ ಇಂಗಾಲ, ಆಮ್ಲಜನಕ ಕೆಲವೇ ಸೆಕೆಂಡಿನಲ್ಲಿ ಬೆಸೆದುಕೊಂಡು ರಾಶಿ ರಾಶಿ ನಿಕ್ಕೆಲ್-56 ಆಗಿಬಿಡುತ್ತದೆ. ಎಸ್‌ಎನ್ 2014ಜೆಯಲ್ಲಿ ಇದು ಸೂರ್ಯನ ತೂಕದ ಸುಮಾರು 0.6 ಪಾಲು. ಎರಡು ಲಕ್ಷ ಭೂಮಿಗಳಷ್ಟು ತೂಕದ ನಿಕ್ಕೆಲ್!

ಆದರೆ ಈ ನಿಕ್ಕೆಲ್ ಬಾಳುವುದಿಲ್ಲ. ಅದರ ಅರ್ಧಾಯು ಸುಮಾರು 6 ದಿನ. ಆರು ದಿನಕ್ಕೆ ಅರ್ಧದಷ್ಟು ಕೋಬಾಲ್ಟ್ ಆಗುತ್ತದೆ. ಕೋಬಾಲ್ಟಿನದು 77 ದಿನ, ಅದೂ ಕರಗುತ್ತಾ ಕಬ್ಬಿಣ ಆಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಗಾಮಾ ಕಿರಣ ಹೊರಡುತ್ತದೆ. ಶುರುವಿನಲ್ಲಿ ಸುತ್ತಲ ಚೂರುಪಾರು ದಟ್ಟವಾಗಿರುವುದರಿಂದ ಈ ಕಿರಣ ಆಚೆ ಬರಲಾಗದೆ ಒಳಗೇ ಸಿಕ್ಕಿಕೊಂಡು ಎಲ್ಲವನ್ನೂ ಕಾಯಿಸುತ್ತದೆ. ನಮಗೆ ಕಾಣುವ ಬೆಳಕು ಆ ಕಾವಿನದು.

ಇದೆಲ್ಲ ಪುಸ್ತಕದಲ್ಲಿ ದಶಕಗಳಿಂದ ಬರೆದಿತ್ತು. ಆದರೆ ಟೈಪ್ ಒನ್ ಎ ಸೂಪರ್‌ನೋವಾದಲ್ಲಿ ಕೋಬಾಲ್ಟಿನ ಗಾಮಾ ಕಿರಣವನ್ನು ನೇರವಾಗಿ ಯಾರೂ ಹಿಡಿದಿರಲಿಲ್ಲ. ಸಿಡಿದವೆಲ್ಲ ಅಷ್ಟು ದೂರ. ಈ ಸಲ ಹತ್ತಿರ ಸಿಕ್ಕಿತು. ಚೂರುಪಾರು ಹರಡಿ ತೆಳುವಾದ ಮೇಲೆ, ಯುರೋಪಿನ ಇಂಟಿಗ್ರಲ್ ಉಪಗ್ರಹ ಆ ಕಿರಣವನ್ನು ಅಳೆಯಿತು. ಅದರ ಶಕ್ತಿ 847 ಮತ್ತು 1238 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕೋಬಾಲ್ಟ್ ಕಬ್ಬಿಣವಾಗುವಾಗ ಹೊರಡಬೇಕಾದ ಕಿರಣಗಳದ್ದೇ. ವಿಶ್ವದಲ್ಲಿರುವ ಕಬ್ಬಿಣದಲ್ಲಿ ದೊಡ್ಡ ಪಾಲು ಇಂಥ ಸ್ಫೋಟಗಳದ್ದು. ನಿಮ್ಮ ರಕ್ತದಲ್ಲಿರುವುದೂ ಸೇರಿ. ಅದು ತಯಾರಾಗುವುದನ್ನು ಲೈವ್ ನೋಡಿದ ಹಾಗಾಯಿತು. 1.2 ಕೋಟಿ ವರ್ಷ ತಡವಾದ ಲೈವ್ ಅನ್ನಿ.

[ಪರದೆಯ ಮೇಲೆ: ಮತ್ತೆ ಎಂ82]

ಈಗ ಕಿರಿಕಿರಿಯ ಪ್ರಶ್ನೆ. ಒಂದು ವಾರದಿಂದ ಚುಕ್ಕೆ ಅಲ್ಲೇ ಇತ್ತು. ಸೂಪರ್‌ನೋವಾ ಹುಡುಕಲೆಂದೇ ರಾತ್ರಿಯಿಡೀ ತಾವಾಗಿಯೇ ಕೆಲಸ ಮಾಡುವ ರೊಬಾಟ್ ಟೆಲಿಸ್ಕೋಪ್‌ಗಳಿವೆ. ಅವು ಎಲ್ಲಿಗೆ ಹೋಗಿದ್ದವು? ಎಲ್ಲೂ ಹೋಗಿರಲಿಲ್ಲ. ಆ ವಾರದ ಎಂ82ರ ಚಿತ್ರಗಳು ಕೆಲವರ ಬಳಿ ಇದ್ದವು, ಅವುಗಳಲ್ಲಿ ಚುಕ್ಕೆಯೂ ಇತ್ತು. ಯಾರ ಗಮನಕ್ಕೂ ಬರಲಿಲ್ಲ, ಅಷ್ಟೇ. ಸಾಫ್ಟ್‌ವೇರ್ ಸಾಮಾನ್ಯವಾಗಿ ಹೊಸ ಚಿತ್ರದಿಂದ ಹಳೆಯದನ್ನು ಕಳೆದು ಉಳಿದದ್ದನ್ನು ನೋಡುತ್ತದೆ. ಎಂ82 ಥರ ಹೊಳಪಾಗಿ, ಧೂಳು ತುಂಬಿ, ತೇಪೆ ತೇಪೆಯಾಗಿರುವ ಗ್ಯಾಲಕ್ಸಿಯಲ್ಲಿ ಕಳೆಯುವ ಲೆಕ್ಕ ಸಲೀಸಾಗಿ ಕೂರುವುದಿಲ್ಲ.

ಇಂಥ ಕಥೆ ಕೇಳಿದಾಗ "ನೋಡಿ, ಹೊಸ ಕಣ್ಣಿಗೆ ಹೊಸದು ಕಾಣುತ್ತದೆ" ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಇಲ್ಲಿ ಕಂಡದ್ದು ಹಳೆಯ ಕಣ್ಣಿಗೆ. ಹೊಸದು ಕಾಣಬೇಕಾದರೆ ಹಳೆಯದು ಬಾಯಿಪಾಠ ಆಗಿರಬೇಕು. ಆಸ್ಟ್ರೇಲಿಯಾದ ರಾಬರ್ಟ್ ಇವಾನ್ಸ್ ಅನ್ನುವ ಪಾದ್ರಿ ನೂರಾರು ಗ್ಯಾಲಕ್ಸಿಗಳ ಚಹರೆ ನೆನಪಿಟ್ಟುಕೊಂಡು, ಕ್ಯಾಮೆರಾ ಇಲ್ಲದೆ ಬರೀ ಕಣ್ಣನ್ನು ಟೆಲಿಸ್ಕೋಪಿಗಿಟ್ಟು, 40ಕ್ಕಿಂತ ಹೆಚ್ಚು ಸೂಪರ್‌ನೋವಾ ಕಂಡುಹಿಡಿದರು.

ವಿದ್ಯಾರ್ಥಿಗಳ ಕಥೆಗೆ ಬಂದರೆ ಜೋಸೆಲಿನ್ ಬೆಲ್. 1967, ಕೇಂಬ್ರಿಡ್ಜ್. ರೇಡಿಯೋ ಟೆಲಿಸ್ಕೋಪಿನಿಂದ ದಿನಕ್ಕೆ ಸುಮಾರು 30 ಮೀಟರ್ ಕಾಗದ ಹೊರಬರುತ್ತಿತ್ತು. ಎಲ್ಲವನ್ನೂ ಕಣ್ಣಲ್ಲೇ ಓದಬೇಕು. ಅದರಲ್ಲಿ ಅರ್ಧ ಇಂಚಿಗಿಂತ ಕಡಿಮೆ ಜಾಗದಲ್ಲಿ ಒಂದು ಗೀಚು. ಅವರು ಹುಡುಕುತ್ತಿದ್ದ ಆಕಾಶದ ರೇಡಿಯೋ ಮೂಲಗಳ ಥರವೂ ಇಲ್ಲ, ಭೂಮಿಯ ಮೇಲಿನ ಯಾವುದೋ ಯಂತ್ರದ ಥರವೂ ಇಲ್ಲ. ಇದನ್ನು ಮೊದಲೂ ಇದೇ ಜಾಗದಲ್ಲಿ ನೋಡಿದ್ದೇನಲ್ಲ ಅಂತ ಅವರಿಗೆ ನೆನಪಾಯಿತು. 1.33 ಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ, ಸಿಕ್ಕಿದ್ದು ಹಾಗೆ. 1974ರ ನೊಬೆಲ್ ಅವರ ಮಾರ್ಗದರ್ಶಕರಿಗೆ ಹೋಯಿತು, ಅವರಿಗಲ್ಲ. ಈ ಬಗ್ಗೆ ನನ್ನ ಅಭಿಪ್ರಾಯ ಹೇಳಿದರೆ ವಿಡಿಯೋ ಇನ್ನೂ ಹತ್ತು ನಿಮಿಷ ಉದ್ದ ಆಗುತ್ತದೆ. 2018ರಲ್ಲಿ ಬಂದ 30 ಲಕ್ಷ ಡಾಲರ್ ಬಹುಮಾನವನ್ನು ಅವರು ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು, ಅದನ್ನಂತೂ ಹೇಳಲೇಬೇಕು.

ಎಡಿಟರ್ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಒಂದೇ ಉಸಿರಿನಲ್ಲಿ.

ಟೀಚರ್‌ಗಳ ಕಥೆ ಬೇಕಾದರೆ ಹ್ಯಾನಿ ವ್ಯಾನ್ ಆರ್ಕೆಲ್, ನೆದರ್ಲೆಂಡ್ಸಿನ ಶಾಲಾ ಶಿಕ್ಷಕಿ. 2007ರಲ್ಲಿ ಗ್ಯಾಲಕ್ಸಿ ಝೂ ಅನ್ನುವ, ಸಾರ್ವಜನಿಕರೇ ಗ್ಯಾಲಕ್ಸಿ ಚಿತ್ರ ವಿಂಗಡಿಸುವ ಯೋಜನೆಗಾಗಿ ಕೆಲಸ ಮಾಡುತ್ತಿದ್ದಾಗ ಒಂದು ಗ್ಯಾಲಕ್ಸಿ ಪಕ್ಕದಲ್ಲಿ ವಿಚಿತ್ರ ಕಲೆ ನೋಡಿ "ಇದೇನು?" ಅಂತ ಕೇಳಿದರು. ಅದು ದೈತ್ಯ ಅನಿಲದ ಮೋಡ. ಪಕ್ಕದ ಗ್ಯಾಲಕ್ಸಿಯ ನಡುವೆ ಒಂದು ಕಾಲಕ್ಕೆ ಉರಿಯುತ್ತಿದ್ದ ಕ್ವೇಸಾರ್, ಅಂದರೆ ದೈತ್ಯ ಕಪ್ಪುಕುಳಿಯ ಸುತ್ತಲಿನ ಭಾರಿ ಹೊಳಪಿನ ಕೇಂದ್ರ, ಈಗ ಮಂಕಾಗಿದೆ. ಅದರ ಹಳೆಯ ಬೆಳಕು ಮಾತ್ರ ಈ ಮೋಡದಲ್ಲಿ ಇನ್ನೂ ಹೊಳೆಯುತ್ತಿದೆ. ಅವರು ಖಗೋಳ ಓದಿದವರಲ್ಲ. ಆದರೆ ಮಾಮೂಲಿ ಗ್ಯಾಲಕ್ಸಿಗಳನ್ನು ಸಾಕಷ್ಟು ನೋಡಿದ್ದರು.

ಶಾಲೆಗಳಿಗೆ ಇರುವ ದಾರಿ: ಅಂತರರಾಷ್ಟ್ರೀಯ ಖಗೋಳ ಶೋಧ ಸಹಯೋಗ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಐಎಎಸ್‌ಸಿ. ಒಂದೇ ಜಾಗದ ಕೆಲವು ಚಿತ್ರಗಳ ಸೆಟ್ ಕಳಿಸುತ್ತಾರೆ, ಒಂದರ ಮೇಲೊಂದು ಮಿನುಗಿಸಿ ನೋಡಿದಾಗ ಸರಿಯುವ ಚುಕ್ಕೆ ಕ್ಷುದ್ರಗ್ರಹ ಆಗಿರಬಹುದು. ದುಡ್ಡು ಕೊಡಬೇಕಿಲ್ಲ.

ಇನ್ನು ನಿಮ್ಮ ಚಿತ್ರದಲ್ಲೇ ಹೊಸ ಚುಕ್ಕೆ ಸಿಕ್ಕರೆ? ಸುಮ್ನೆ ಸ್ಟೇಟಸ್ ಹಾಕಬೇಡಿ. ಇನ್ನೊಂದು ಚಿತ್ರ ತೆಗೆಯಿರಿ, ಹಳೆಯದರ ಜೊತೆ ಹೋಲಿಸಿ, ದಾರಿಹೋಕ ಕ್ಷುದ್ರಗ್ರಹ ಅಲ್ಲ ಅಂತ ಪರೀಕ್ಷಿಸಿ. 2016ರಿಂದ ಇಂಥ ವರದಿಗಳು ಹೋಗುವುದು ಟ್ರಾನ್ಸಿಯೆಂಟ್ ನೇಮ್ ಸರ್ವರ್ ಅನ್ನುವ ವೆಬ್‌ಸೈಟಿಗೆ. ಶುರುವಿನಲ್ಲಿ ಹೆಸರಿನ ಮುಂದೆ ಎಟಿ (ಆಕಾಶದಲ್ಲಿ ಹೊಸದಾಗಿ ಕಂಡ, ಇನ್ನೂ ಖಾತ್ರಿಯಾಗದ ಚುಕ್ಕೆ) ಅಂತ ಇರುತ್ತದೆ, ರೋಹಿತ ನೋಡಿ ಖಾತ್ರಿಯಾದ ಮೇಲೆ ಎಸ್‌ಎನ್.

"ಈಗ ವೆರಾ ರೂಬಿನ್ ವೀಕ್ಷಣಾಲಯ ಬಂದಿದೆ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಇನ್ನು ನಮಗೇನು ಉಳಿಯಿತು?" ಅನ್ನುವವರಿಗೆ ಒಂದು ಮಾತು. ರೂಬಿನ್ ಇರುವುದು ಚಿಲಿಯಲ್ಲಿ. ಎಂ82 ಅಲ್ಲಿಂದ ದಿಗಂತದ ಮೇಲಕ್ಕೆ ಏಳುವುದೇ ಇಲ್ಲ. ಅಷ್ಟೇ ಅಲ್ಲ, ಎಸ್‌ಎನ್ 2014ಜೆಯಷ್ಟು ಹೊಳಪಿನ ಚುಕ್ಕೆ ಅಂಥ ದೊಡ್ಡ ಕ್ಯಾಮೆರಾಗೆ ಕಣ್ಣು ಕುಕ್ಕುತ್ತದೆ, ಸರಿಯಾಗಿ ಅಳೆಯಲು ಆಗುವುದಿಲ್ಲ. 2023ರ ಮೇ ತಿಂಗಳಲ್ಲಿ ಅದೇ ಸಪ್ತರ್ಷಿ ಮಂಡಲದ ಎಂ101 ಗ್ಯಾಲಕ್ಸಿಯಲ್ಲಿ ಸಿಡಿದ ಸೂಪರ್‌ನೋವಾವನ್ನು ಕಂಡುಹಿಡಿದವರು ಜಪಾನಿನ ಹವ್ಯಾಸಿ ಕೊಇಚಿ ಇಟಗಾಕಿ.

ಎಂ82, ಅದರ ನೆರೆಯ ಗ್ಯಾಲಕ್ಸಿ ಎಂ81, ಮತ್ತೆ ಎಂ101. ಕ್ಲಾಸಿನಲ್ಲಿ ಈ ಮೂರರ ಚಿತ್ರ ಗೋಡೆಗೆ ಅಂಟಿಸಿ ಶುರುಮಾಡಬಹುದು. ಶ್ವೇತ ಕುಬ್ಜ ಯಾಕೆ ಸಿಡಿಯುತ್ತದೆ ಅನ್ನುವುದು ಮುಂದಿನ ವಿಡಿಯೋದಲ್ಲಿ.