ಹತ್ತೊಂಬತ್ತನೇ ಮಹಡಿಯಲ್ಲಿ ಚಿಲಕ ಎಲ್ಲಿದೆ?

ನಮಸ್ಕಾರ, ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಅಷ್ಟು ದೊಡ್ಡ ಹೋಟೆಲ್‌ಗೆ ಹೋಗಿ ಬಂದು ಕಿಟಕಿಗೆ ಅಳ್ತೀಯಲ್ಲ, ಎಸಿ ಇರ್ಲಿಲ್ವಾ?" ಅದಕ್ಕೆ ಲೈಕುಗಳು ಬೇರೆ. ಸರಿ, ಇವತ್ತು ಅದೇ ಮಾತಾಡೋಣ.

ನಮ್ಮ ಮದುವೆ ವಾರ್ಷಿಕೋತ್ಸವ. ಇದೇ ಬೆಂಗಳೂರಿನಲ್ಲಿ, ಮನೆಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ, ಪೂರ್ತಿ ಗಾಜಿನ ಒಂದು ಹೋಟೆಲ್. ಹೆಸರು ಹೇಳಲ್ಲ. ಹತ್ತೊಂಬತ್ತನೇ ಮಹಡಿ. ಪರದೆ ಸರಿಸಲು ಬಟನ್. ಬಾತ್‌ಟಬ್‌ನಲ್ಲಿ ಕೂತರೆ ದೂರದಲ್ಲಿ ಕಬ್ಬನ್ ಪಾರ್ಕಿನ ಹಸಿರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ?

ರಾತ್ರಿ ಹತ್ತೂವರೆಗೆ ಮಳೆ ಬಂತು. ಏಪ್ರಿಲ್ ತಿಂಗಳ ಮೊದಲ ಮಳೆ. ನನ್ನ ಹೆಂಡತಿ ಎದ್ದು ಹೋಗಿ ಗಾಜಿನ ಅಂಚಿಗೆಲ್ಲಾ ಕೈಯಾಡಿಸಿದಳು. ಚಿಲಕ ಹುಡುಕುತ್ತಿದ್ದಳು. ಚಿಲಕವೇ ಇಲ್ಲ! ಮಳೆ ಕಾಣುತ್ತದೆ, ಸದ್ದಿಲ್ಲ, ಮಣ್ಣಿನ ವಾಸನೆ ಇಲ್ಲ. ಮ್ಯೂಟ್ ಮಾಡಿದ ಟಿವಿ. ರಿಸೆಪ್ಷನ್‌ಗೆ ಫೋನ್ ಮಾಡಿದರೆ, "ಸರ್, ಎಷ್ಟು ಡಿಗ್ರಿ ಬೇಕು ಹೇಳಿ, ಸೆಟ್ ಮಾಡ್ತೀವಿ."

ನನಗೆ ಡಿಗ್ರಿ ಬೇಡ ಸ್ವಾಮಿ, ಗಾಳಿ ಬೇಕು!

ಈ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿದಾಗಿಂದ ಪುಕ್ಕಟೆ ಎಸಿ. ಹಳೇ ಬಂಗಲೆಗಳ ಕಿಟಕಿ ನೋಡಿದ್ದೀರಾ? ಮೇಲೆ ಚೂಪು ಟೋಪಿ, ಮಂಕಿ ಟಾಪ್ ಅಂತಾರೆ. ಬಿಸಿಲು, ಮಳೆ ಆಚೆ, ಗಾಳಿ ಒಳಗೆ. ಅಂಥ ಊರಲ್ಲಿ ಗಾಜಿನ ಡಬ್ಬಿ ಕಟ್ಟುತ್ತಾರೆ. ಹಗಲೆಲ್ಲಾ ಬಿಸಿಲು ಒಳಗೆ ತುಂಬಿಸುವುದು, ಆಮೇಲೆ ಕರೆಂಟ್ ಸುಟ್ಟು ತಣ್ಣಗೆ ಮಾಡುವುದು. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಬಾಡಿಗೆಗೂ ತೆರಿಗೆ, ಗಾಳಿಗೂ ಬೀಗ.

"ಬೆಂಗಳೂರು ಮೊದಲಿನ ಹಾಗಿಲ್ಲ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು" ಅಂತೀರಿ. ಆಗಿತ್ತು, ಮಧ್ಯಾಹ್ನ! ನಾನು ಕೇಳಿದ್ದು ರಾತ್ರಿ, ಮಳೆ ಬರುವಾಗ. "ಸೊಳ್ಳೆ ಬರುತ್ತೆ." ಹತ್ತೊಂಬತ್ತನೇ ಮಹಡಿಗಾ? ಲಿಫ್ಟಲ್ಲಾ? "ಮೇಲೆ ಗಾಳಿ ಜೋರು, ಜನ ಬೀಳ್ತಾರೆ." ನಾಲ್ಕು ಇಂಚು ತೆರೆದು ಅಲ್ಲಿಗೇ ನಿಲ್ಲುವ ಕಿಟಕಿಗಳಿವೆ. ನಾಲ್ಕು ಇಂಚಲ್ಲಿ ಬೀಳುವಷ್ಟು ನಾನು ಸಣ್ಣಗಿದ್ದೀನಾ? ಕ್ಯಾಮೆರಾ ಹಿಂದೆ ಇರುವವರು ನಗಬೇಡಿ.

ಅಂದ ಹಾಗೆ, ಭಾನುವಾರ ಸಂಜೆ ಲೈವ್ ಇದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ನಮ್ಮ ಮಗ್ ಇನ್ನೂ ಉಳಿದಿವೆ, ತುಂಬಾ ಉಳಿದಿವೆ.

ಎಲ್ಲಿದ್ದೆ? ಹಾಂ, ಕಿಟಕಿ. ಮರುದಿನ ಅಮ್ಮ ಫೋನ್‌ನಲ್ಲಿ ಕೇಳಿದ್ದು ಒಂದೇ ಮಾತು: "ಒದ್ದೆ ಟವೆಲ್ ಎಲ್ಲಿ ಒಣಗಿಸಿದ್ರೋ?" ಕುರ್ಚಿ ಮೇಲಮ್ಮಾ. ಅಷ್ಟು ದುಡ್ಡು ಕೊಟ್ಟು, ಕುರ್ಚಿ ಮೇಲೆ.

ಇಲ್ಲಿ ಇನ್ನೂ ಮೂರು ಪಾಯಿಂಟ್ ಬರೆದುಕೊಂಡಿದ್ದೆ. ಒಂದು, ಕಿಟಕಿ. ಎರಡು, "ಕಿಟಕಿ, ಜೋರಾಗಿ ಹೇಳು". ಮೂರನೆಯದು ನನ್ನ ಕೈಬರಹ ನನಗೇ ಅರ್ಥ ಆಗ್ತಿಲ್ಲ. ಕಿಟಕಿ ಅಂತಲೇ ಇರಬೇಕು. ತೆಗೆಯೋಕೆ ಬರದಿದ್ದರೆ ಅದು ಗೋಡೆ ಕಣ್ರೀ, ಗೋಡೆ!

ಒಂದ್ನಿಮಿಷ ಇರಿ. ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಕೆಮ್ಮು ಬರ್ತಿದೆ, ಆ ಕಿಟಕಿ ಮುಚ್ಚಿ ಬರುತ್ತೇನೆ.